ಕಡಂಬುಟ್ಟಿನ ಕಣ್ಣು, ಕಾಚಂಪುಳಿಯ ನೆತ್ತರು

ಹ್ಯಾಲೋವೀನ್ ಎಂಬ ಭೂತವೇಷದ ಹಬ್ಬದ ಮಕ್ಕಳ ಪಾರ್ಟಿಗೆ ಹೆದರಿಸುವಂಥ ತಿಂಡಿ ಮಾಡಬೇಕು ಎಂದ ಕೂಡಲೇ ಎಲ್ಲರ ಕೈ ಹೋಗುವುದು ಅಂಗಡಿಯ ಬಣ್ಣದ ಸೀಸೆಗೆ. ಕೆಂಪು ಕೇಕು, ಹಸಿರು ಕ್ರೀಮು, ಕಪ್ಪು ಜೆಲ್ಲಿ. ತಟ್ಟೆ ತುಂಬ ಬಣ್ಣ ಕಾಣುತ್ತದೆ, ಭಯ ಮಾತ್ರ ಹುಟ್ಟುವುದಿಲ್ಲ. ಕಣ್ಣುಗುಡ್ಡೆ ನೋಡಿ ಮೈ ಜುಮ್ಮೆನ್ನುವುದು ಅದು ಒದ್ದೆಯಾಗಿ ಹೊಳೆಯುವುದರಿಂದ. ಬೆರಳು ನೋಡಿ ಕೈ ಹಿಂದೆ ಸರಿಯುವುದು ಗೆಣ್ಣಿನ ಮೇಲಿನ ಸುಕ್ಕಿನಿಂದ. ಆಕಾರ, ಮೈಯ ನಯ, ತುಸು ಹಸಿ ಹೊಳಪು, ಇಷ್ಟು ಸರಿಯಾದರೆ ಬಣ್ಣ ಚೂರೇ ಸಾಕು. ಕೊಡಗಿನ ಅಡುಗೆಮನೆಗೆ ಈ ಕೆಲಸ ಒಗ್ಗುತ್ತದೆ. ಹಬೆಯಲ್ಲಿ ಬೇಯಿಸುವ ನಮ್ಮ ಅಕ್ಕಿಯ ಪುಟ್ಟುಗಳು ಬಿಳಿ, ನಯ, ಸಪ್ಪೆ. ಕೈ ಕೊಟ್ಟ ಆಕಾರದಲ್ಲೇ ಬೆಂದು ನಿಲ್ಲುತ್ತವೆ. ಮೈದಾ ಕೇಕಿನಿಂದ ಕಣ್ಣು ಮಾಡಲು ಪಡುವ ಪಾಡು ಉಂಡೆ ಪುಟ್ಟಾದ ಕಡಂಬುಟ್ಟಿನಲ್ಲಿ ಇಲ್ಲವೇ ಇಲ್ಲ.

ಹ್ಯಾಲೋವೀನ್ ಬರುವುದು ಅಕ್ಟೋಬರ್ 31ಕ್ಕೆ, ಕಾವೇರಿ ಸಂಕ್ರಮಣ ಮುಗಿದು ಎರಡು ವಾರಕ್ಕೆ. ಆ ಹೊತ್ತಿಗೆ ಮಳೆ ಇಳಿದಿದ್ದರೂ ಗಾಳಿಯಲ್ಲಿ ಪಸೆ ಇರುತ್ತದೆ. ಬೆಳಿಗ್ಗೆ ಗರಿಗರಿಯಾಗಿದ್ದ ಬಿಸ್ಕತ್ತು ಸಂಜೆಗೆ ಮೆತ್ತಗಾಗುತ್ತದೆ. ಬೇರೆ ಊರಿನವರ ಪಾಕವಿಧಾನವನ್ನು ಹಾಗೆಯೇ ಇಳಿಸಿಕೊಂಡರೆ ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಕೆಳಗಿನ ಅಳತೆಗಳು ಹನ್ನೆರಡು ಮಕ್ಕಳ ಪಾರ್ಟಿಗೆ. ಕಪ್ ಎಂದರೆ 240 ಮಿಲಿ.

ಮೊದಲು ಬಣ್ಣದ ಮಾತು ಮುಗಿಸೋಣ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಲ್ಲಿ ಕೃತಕ ಬಣ್ಣ ಬಳಸಬಾರದೆಂದು ನಿಷೇಧ ಹಾಕಿತು. ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿತ್ತು. ಅದೇ ವರ್ಷದ ಜೂನಿನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಮಕ್ಕಳಿಗೆ ಕೊಡುವ ತಿಂಡಿಯಲ್ಲಿ ಹೆಸರು ವಿಳಾಸವಿಲ್ಲದ ಪುಡಿ ಬಣ್ಣ ಬೇಡವೇ ಬೇಡ. ಬೀಟ್‌ರೂಟ್, ಶಂಖಪುಷ್ಪ, ಕರಿ ಎಳ್ಳು, ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ, ಈ ನಾಲ್ಕರಲ್ಲಿ ಬೇಕಾದ ಬಣ್ಣವೆಲ್ಲ ಸಿಗುತ್ತದೆ.

ಬೀಟ್‌ರೂಟಿನ ಕೆಂಪು ಬೆಂಕಿಗೆ ಅಂಜುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಕಂದಾಗುತ್ತದೆ, ಅಡುಗೆ ಸೋಡಾ ಸೋಕಿದರೆ ಕೆಡುತ್ತದೆ. ನಿಂಬೆಯ ಹುಳಿ ಇದ್ದರೆ ಚೆನ್ನಾಗಿ ಉಳಿಯುತ್ತದೆ. ರಸವನ್ನು ಒಲೆಯ ಮೇಲಿಟ್ಟು ಇಂಗಿಸಿ ದಪ್ಪ ಮಾಡಲು ಹೋದವರಿಗೆಲ್ಲ ಕೊನೆಗೆ ಸಿಗುವುದು ಮಣ್ಣಿನ ಬಣ್ಣದ ನೀರು. ನಾವು ಅನುಸರಿಸುವ ದಾರಿ ಬೇರೆ. ಒಂದು ಚಮಚ ಜೋಳದ ಹಿಟ್ಟನ್ನು, ಅಂದರೆ ಅಂಗಡಿಯ ಬಿಳಿ ಕಾರ್ನ್‌ಫ್ಲೋರನ್ನು, ನಾಲ್ಕು ದೊಡ್ಡ ಚಮಚ ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಾಜಿನಂತಾಗುವವರೆಗೆ ಕಾಯಿಸಿ ಪೂರ್ತಿ ಆರಿಸಬೇಕು. ಮಧ್ಯಮ ಗಾತ್ರದ ಒಂದು ಬೀಟ್‌ರೂಟನ್ನು ಹಸಿಯಾಗಿಯೇ ತುರಿದು ಬಟ್ಟೆಯಲ್ಲಿ ಹಿಂಡಿ, ಎರಡು ದೊಡ್ಡ ಚಮಚ ರಸಕ್ಕೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಆರಿದ ಗಂಜಿಗೆ ಬೆರೆಸಬೇಕು. ಹಲ್ಲುಕಡ್ಡಿಯಲ್ಲಿ ಎತ್ತಿದರೆ ಎಳೆಯಾಗಿ ಬರುವಷ್ಟು ಗಟ್ಟಿ ಇರಲಿ. ನೀರಾಗಿದ್ದರೆ ಪುಟ್ಟಿನ ಮೇಲೆ ಹರಡಿ ಗುಲಾಬಿ ಮಚ್ಚೆಯಾಗುತ್ತದೆ.

ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಆರತಿ ನೀರು ಕೆಂಪಾಗುವುದು ಎಲ್ಲರಿಗೂ ಗೊತ್ತು. ತಿಂಡಿಗೂ ಹಾಗೆ ಮಾಡಬಹುದಲ್ಲ ಎಂದು ಸೋಡಾ ಹಾಕಿದರೆ ಕೆಂಪೇನೋ ಬರುತ್ತದೆ. ಬಾಯಲ್ಲಿ ಸಾಬೂನಿನ ರುಚಿ, ಹುಳಿ ತಾಗಿದ ಕ್ಷಣ ಮತ್ತೆ ಹಳದಿ. ಅದು ಆರತಿ ತಟ್ಟೆಯಲ್ಲೇ ಇರಲಿ. ಇನ್ನೊಂದು, ಮದ್ದು ಸೊಪ್ಪು. ಅದರ ಕಷಾಯದ ನೇರಳೆಯಂಥ ಗಾಢ ಬಣ್ಣ ಬೇರೆ ಯಾವ ಸೊಪ್ಪಿನಲ್ಲೂ ನಾವು ಕಂಡಿಲ್ಲ. ಆದರೆ ಅದು ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನದ ಪಾಯಸಕ್ಕೆ ಮೀಸಲಾದದ್ದು, ಮದ್ದು ಎಂದೇ ತಿನ್ನುವಂಥದ್ದು. ಪಾರ್ಟಿಯ ಬಣ್ಣಕ್ಕೆ ಅದನ್ನು ಎಳೆದು ತರುವುದು ನಮಗೆ ಸರಿ ಕಾಣುವುದಿಲ್ಲ.

ಈಗ ಕಣ್ಣು. ಒಂದು ಕಪ್ ಸಣ್ಣ ಅಕ್ಕಿ ತರಿ, ಎರಡು ಕಪ್ ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ತುಪ್ಪ. ಇಷ್ಟಕ್ಕೆ ಮೂರೂವರೆ ಸೆಂಟಿಮೀಟರ್ ಅಗಲದ ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕು ಕಣ್ಣು ಆಗುತ್ತವೆ. ಮನೆಯಲ್ಲಿ ಕಡಂಬುಟ್ಟಿಗೆ ತೆಂಗಿನತುರಿ ಹಾಕುವ ರೂಢಿ ಇದ್ದರೂ ಇಲ್ಲಿ ಬಿಡಬೇಕು, ತುರಿಯ ಎಳೆ ಮೇಲೆ ಬಂದು ಮೈ ಒರಟಾಗುತ್ತದೆ. ತರಿಯನ್ನು ಒಮ್ಮೆ ಜರಡಿ ಹಿಡಿದು ದಪ್ಪ ಕಾಳು ತೆಗೆದುಬಿಡಿ. ನೀರು ಉಪ್ಪು ತುಪ್ಪ ಕುದಿ ಬಂದಾಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ತರಿ ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವಬೇಕು. ನೀರು ಇಂಗಿದ ಮೇಲೆ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಐದು ನಿಮಿಷ, ಒಲೆ ಆರಿಸಿ ಮತ್ತೆ ಹತ್ತು ನಿಮಿಷ. ಹೊಸ ಅಕ್ಕಿಯ ತರಿಯಾದರೆ ಕಾಲು ಕಪ್ ನೀರು ಕಡಿಮೆ ಸಾಕು, ಇಲ್ಲದಿದ್ದರೆ ಅಂಟಂಟಾಗಿ ಉಂಡೆ ಕೂತುಬಿಡುತ್ತದೆ.

ಕಣ್ಣಿನ ಅರ್ಧ ಅಂದ ಉಂಡೆ ಕಟ್ಟುವ ಹೊತ್ತಿನಲ್ಲಿದೆ. ಕೈ ಸುಡುವಷ್ಟಲ್ಲದಿದ್ದರೂ ಬಿಸಿ ಇರಲೇಬೇಕು. ಆರಿದ ಹಿಟ್ಟನ್ನು ಎಷ್ಟು ಉರುಳಿಸಿದರೂ ಬಿರುಕು ಮುಚ್ಚುವುದಿಲ್ಲ, ಬೆಂದಾಗ ಆ ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ. ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು, ಒಂದೊಂದೇ ತುತ್ತು ತೆಗೆದು ಮೊದಲು ಅಂಗೈಯಲ್ಲಿ ಗಟ್ಟಿಯಾಗಿ ಅದುಮಿ, ಆಮೇಲೆ ನೀರು ಸವರಿದ ಕೈಯಲ್ಲಿ ಉರುಳಿಸಬೇಕು. ಮೊದಲೇ ಉರುಳಿಸಿದರೆ ಒಳಗೆ ಗಾಳಿ ಉಳಿದು ಆಕಾರ ಕುಸಿಯುತ್ತದೆ. ಕೈಗೆ ನೀರು ಬೇಕು, ಎಣ್ಣೆ ಬೇಡ. ಎಣ್ಣೆಯ ಮೈ ಮೇಲೆ ನರದ ಗೆರೆ ಹಿಡಿಯುವುದಿಲ್ಲ. ಪ್ರತಿ ಉಂಡೆಯ ಮೇಲೆ ಮರದ ಸೌಟಿನ ಹಿಡಿಯ ತುದಿಯಿಂದ ಅರ್ಧ ಸೆಂಟಿಮೀಟರ್ ಆಳದ ಗುಳಿ ಒತ್ತಿ. ಬೆಂದಾಗ ಅದು ಸ್ವಲ್ಪ ಮೇಲೆ ಬರುತ್ತದೆ, ಹಾಗಾಗಿ ಅಂದಾಜಿಗಿಂತ ತುಸು ಆಳವೇ ಇರಲಿ.

ಹಬೆಪಾತ್ರೆಯ ನೀರು ಜೋರಾಗಿ ಕುದಿಯುವಾಗ ಇಟ್ಟು ಹದಿನೈದು ನಿಮಿಷ. ಮುಚ್ಚಳದ ಒಳಬದಿಗೆ ಬಟ್ಟೆ ಕಟ್ಟುವುದನ್ನು ಮರೆಯಬಾರದು. ಮುಚ್ಚಳದಿಂದ ತೊಟ್ಟಿಕ್ಕುವ ಪ್ರತಿ ಹನಿಯೂ ಕಣ್ಣಿನ ಮೇಲೆ ಸಿಡುಬಿನ ಕಲೆಯಂಥ ಗುಳಿ ಬಿಡುತ್ತದೆ. ಇಳಿಸಿದ ಕೂಡಲೇ ಮುಟ್ಟಬೇಡಿ. ಬಿಸಿ ಪುಟ್ಟಿನ ಮೈ ಅಂಟು, ಬೆರಳಿನ ಗುರುತು ಉಳಿದುಬಿಡುತ್ತದೆ. ಹತ್ತು ನಿಮಿಷ ತೆರೆದಿಟ್ಟರೆ ಮೇಲೆ ತೆಳು ಪೊರೆ ಕಟ್ಟುತ್ತದೆ, ಬರೆಯಲು ಅದೇ ಹದ.

ಪಾಪೆಗೆ ಕ್ಯಾರೆಟ್ ಬಿಲ್ಲೆ. ಎರಡು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ ಮೂರು ನಿಮಿಷ ಬೇಯಿಸಿ, ಸೀಸೆಯ ಸಣ್ಣ ಮುಚ್ಚಳದಿಂದ ಒತ್ತಿ ಒಂದೇ ಅಳತೆಗೆ ಕತ್ತರಿಸಿಕೊಳ್ಳಬಹುದು. ಹಸಿರು ಕಣ್ಣು ಬೇಕಾದರೆ ದೊಣ್ಣೆಮೆಣಸಿನ ಸಿಪ್ಪೆ. ನಡುವೆ ನೆನೆಸಿದ ಕಪ್ಪು ಒಣದ್ರಾಕ್ಷಿಯ ಅರ್ಧ ಭಾಗ, ಉಬ್ಬಿದ ಬದಿ ಮೇಲೆ. ತೋಟದ ಕರಿಮೆಣಸು ನೋಡಲು ಚೆಂದವೇ, ಆದರೆ ಕಚ್ಚಿದ ಮಗು ಆಮೇಲೆ ತಟ್ಟೆಯ ಹತ್ತಿರ ಬರುವುದಿಲ್ಲ. ಬೀಟ್‌ರೂಟ್ ಗಂಜಿಯಲ್ಲಿ ಹಲ್ಲುಕಡ್ಡಿ ಅದ್ದಿ, ಉಂಡೆಯ ಹಿಂಬದಿಯಿಂದ ಮುಂದಕ್ಕೆ ನಾಲ್ಕೈದು ನರ ಎಳೆಯಿರಿ. ಪ್ರತಿ ನರವೂ ಅರ್ಧ ದಾರಿಯಲ್ಲಿ ಕವಲೊಡೆಯಲಿ, ಪಾಪೆಗೆ ಮುಟ್ಟುವ ಮೊದಲೇ ನಿಲ್ಲಲಿ. ಅಂಚಿನವರೆಗೆ ಎಳೆದರೆ ಕಣ್ಣು ಹೋಗಿ ಚೆಂಡಾಗುತ್ತದೆ. ಬಡಿಸುವ ಹೊತ್ತಿಗೆ, ಮುಂಚೆ ಅಲ್ಲ, ಕರಗಿದ ತುಪ್ಪವನ್ನು ಬ್ರಷ್‌ನಲ್ಲಿ ಪಾಪೆಯ ಸುತ್ತ ಮಾತ್ರ ಸವರಿ. ಆ ಹಸಿ ಹೊಳಪು ಬಂದ ಕ್ಷಣ ಕಣ್ಣಿಗೆ ಜೀವ ಬರುತ್ತದೆ.

ಕಣ್ಣನ್ನು ಹಿಂದಿನ ದಿನ ಮಾಡಿ ಫ್ರಿಜ್ಜಿನಲ್ಲಿಡುವ ಯೋಚನೆ ಬೇಡ. ಬೆಂದ ಅಕ್ಕಿ ತಣ್ಣಗಾದರೆ ಬಿಗಿದು ಕಲ್ಲಾಗುತ್ತದೆ. ಮತ್ತೆ ಹಬೆ ಕೊಟ್ಟರೆ ಮೆತ್ತಗಾಗುವುದೇನೋ ನಿಜ, ಬರೆದ ನರಗಳು ಕರಗಿ ಹರಡಿರುತ್ತವೆ. ಪಾರ್ಟಿಗೆ ಮೂರು ಗಂಟೆ ಮೊದಲು ಬೇಯಿಸಿ, ಒಂದು ಗಂಟೆ ಮೊದಲು ಬರೆಯುವುದು ಸರಿಯಾದ ಲೆಕ್ಕ.

ಕಣ್ಣಿಗೆ ಜೊತೆಯಾಗಿ ನೆತ್ತರು ಬೇಕಲ್ಲ. ಟೊಮೆಟೊ ಸಾಸು ಕಣ್ಣಿಗೆ ಸಾಸೇ ಆಗಿ ಕಾಣುತ್ತದೆ, ತೀರಾ ಕೆಂಪು. ಹೆಪ್ಪುಗಟ್ಟಿದ ನೆತ್ತರು ಕಪ್ಪಿಗೆ ಹತ್ತಿರ. ಕಾಚಂಪುಳಿಯಷ್ಟು ಸರಿಯಾಗಿ ಆ ಬಣ್ಣ ಕೊಡುವ ವಸ್ತು ಇನ್ನೊಂದಿಲ್ಲ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಇಂಗಿಸಿದ ಆ ಕಪ್ಪು ಹುಳಿ ಹಂದಿ ಮಾಂಸದ ಪಂದಿಕರಿಗೆ ಮಾತ್ರ ಎಂದು ಕಪಾಟಿನಲ್ಲಿ ಕೂತಿರುತ್ತದೆ. 100 ಗ್ರಾಂ ಬೆಲ್ಲವನ್ನು 100 ಮಿಲಿ ನೀರಿನಲ್ಲಿ ಕರಗಿಸಿ ಸೋಸಿ. ಬೆಲ್ಲದ ಮರಳು ಉಳಿದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಅದಕ್ಕೆ ಒಂದು ಚಮಚ ಬ್ಯಾಡಗಿ ಮೆಣಸಿನಪುಡಿ, ಎರಡು ಚಿಟಿಕೆ ಉಪ್ಪು ಹಾಕಿ ಎರಡು ನಿಮಿಷ ಕುದಿಸಿ, ಒಂದು ಚಮಚ ಕಾರ್ನ್‌ಫ್ಲೋರನ್ನು ನೀರಿನಲ್ಲಿ ಕದಡಿ ಸೇರಿಸಿ, ಇನ್ನೊಂದು ನಿಮಿಷ ತಿರುವಿ ಇಳಿಸಿದ ಮೇಲೆ ಎರಡು ಚಮಚ ಕಾಚಂಪುಳಿ. ಪಾತ್ರೆ ಸ್ಟೀಲಿನದೋ ಮಣ್ಣಿನದೋ ಇರಲಿ. ಇಷ್ಟು ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಲೋಹದ ರುಚಿ ಇಳಿಯುತ್ತದೆ. ಬಿಸಿಯಲ್ಲಿ ತೆಳುವಾಗಿ ಕಂಡಿತೆಂದು ಮತ್ತೆ ಹಿಟ್ಟು ಹಾಕಲು ಹೋಗಬೇಡಿ, ಆರಿದಾಗ ತಾನೇ ಗಟ್ಟಿಯಾಗುತ್ತದೆ. ಚಮಚದ ಬೆನ್ನಿನ ಮೇಲೆ ಹನಿ ಹನಿಯಾಗಿ ನಿಂತರೆ ಹದ. ಸಿಹಿ, ಹುಳಿ, ಖಾರ ಮೂರೂ ಇರುವುದರಿಂದ ಸಪ್ಪೆ ಕಡಂಬುಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಚಿಕ್ಕ ಮಕ್ಕಳಿಗೆ ಮೆಣಸಿನಪುಡಿ ಕಾಲು ಚಮಚ ಸಾಕು. ಬಣ್ಣಕ್ಕೆ ಬೆಲ್ಲ ಆದಷ್ಟು ಕಪ್ಪಗಿನದು ಆರಿಸಿಕೊಳ್ಳಿ. ಇದನ್ನು ಎರಡು ದಿನ ಮೊದಲೇ ಮಾಡಿ ಫ್ರಿಜ್ಜಿನಲ್ಲಿಡಬಹುದು.

ಬೆರಳಿಗೆ ಬಿಸ್ಕತ್ತಿನ ಹಿಟ್ಟು: 100 ಗ್ರಾಂ ಬೆಣ್ಣೆ, 50 ಗ್ರಾಂ ಪುಡಿ ಸಕ್ಕರೆ, 150 ಗ್ರಾಂ ಮೈದಾ, ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ. ಸತ್ತ ಚರ್ಮದ ಬೂದು ಬಣ್ಣಕ್ಕೆ ಹುರಿದು ಪುಡಿ ಮಾಡಿದ ಕರಿ ಎಳ್ಳು ಒಂದು ಚಮಚ. ಬೇಕಿಂಗ್ ಪೌಡರ್ ಹಾಕಲೇಬಾರದು. ಅದು ಉಬ್ಬಿಸಿ ಗೆಣ್ಣಿನ ಗೆರೆಗಳನ್ನೆಲ್ಲ ಅಳಿಸುತ್ತದೆ. ಬೆಣ್ಣೆ ಸಕ್ಕರೆ ಬೆರೆಯುವಷ್ಟೇ ಕಲಸಿ. ನೊರೆ ಬರುವಂತೆ ಬಡಿದರೆ ಗಾಳಿ ಸೇರಿ ಅದೂ ಹರಡುತ್ತದೆ. ಹಿಟ್ಟು ಕಲಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಎಂಟು ಸೆಂಟಿಮೀಟರ್ ಉದ್ದಕ್ಕೆ, ನಿಮ್ಮ ಕಿರುಬೆರಳಿಗಿಂತ ತೆಳ್ಳಗೆ ಹೊಸೆಯಬೇಕು. ಎಲ್ಲರೂ ತಪ್ಪುವುದು ಇಲ್ಲಿಯೇ. ನಿಜವಾದ ಬೆರಳಿನ ದಪ್ಪಕ್ಕೆ ಹೊಸೆದರೆ ಓವನ್ನಿನಿಂದ ಹೊರಬರುವುದು ಬಾಳೆಹಣ್ಣಿನ ದಪ್ಪದ್ದು. ಎರಡು ಕಡೆ ಸ್ವಲ್ಪ ಹಿಸುಕಿ ಗೆಣ್ಣು ಎಬ್ಬಿಸಿ, ಗೆಣ್ಣಿನ ಮೇಲೆ ಚಾಕುವಿನ ಬೆನ್ನಿನಿಂದ ಮೂರು ಮೂರು ಗೆರೆ ಆಳವಾಗಿ ಒತ್ತಿ. ತುದಿಗೆ ಬಾದಾಮಿ ಉಗುರು. ಆಕಾರ ಕೊಟ್ಟ ಮೇಲೆ ತಟ್ಟೆ ಸಮೇತ ಮತ್ತೆ ಇಪ್ಪತ್ತು ನಿಮಿಷ ತಣ್ಣಗಿಟ್ಟರೆ ಗೆರೆಗಳು ಉಳಿಯುತ್ತವೆ. 160 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ, ಅಡಿಯ ಅಂಚು ಮಾತ್ರ ತಿಳಿಗಂದಾಗುವವರೆಗೆ. ಆರಿದಾಗ ಬಾದಾಮಿ ಸಡಿಲವಾಗಿ ಬಿದ್ದರೆ ಚಿಂತೆಯಿಲ್ಲ. ಗುಳಿಗೆ ಗಟ್ಟಿ ಕೆಂಪು ಜಾಮ್ ಒಂದು ತೊಟ್ಟು ಹಾಕಿ ಉಗುರನ್ನು ಮತ್ತೆ ಒತ್ತಿದರೆ ಸುತ್ತ ಜಾಮ್ ಒಸರಿ, ಉಗುರು ಕಿತ್ತ ಹಾಗೆ ಕಾಣುತ್ತದೆ. ನಮಗಂತೂ ಬೀಳುವುದೇ ಮೇಲು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇಡೀ ಬಾದಾಮಿ ಗಂಟಲಿಗೆ ಸಿಕ್ಕುವ ಅಪಾಯವಿದೆ. ಅವರ ಬೆರಳುಗಳಿಗೆ ಚಮಚದ ತುದಿಯಿಂದ ಉಗುರಿನ ಗುರುತು ಒತ್ತಿ ಜಾಮ್ ಸವರಿದರೆ ಸಾಕು. ಕಣ್ಣುಗಳನ್ನೂ ಅವರಿಗೆ ನಾಲ್ಕು ಹೋಳು ಮಾಡಿಯೇ ಕೊಡಬೇಕು.

ಬೆರಳುಗಳು ಪೂರ್ತಿ ಆರಿದ ಮೇಲೆ ಮಾತ್ರ ಡಬ್ಬಿಗೆ. ಜಾಮ್ ಹಾಕುವುದು ಬಡಿಸುವ ಒಂದು ಗಂಟೆ ಮೊದಲು. ಪಸೆ ಹಿಡಿದು ಮೆತ್ತಗಾಗಿದ್ದರೆ ಜಾಮಿಗೆ ಮೊದಲು 120 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿ ಆರಿಸಿ, ಗರಿ ಮರಳುತ್ತದೆ.

ಹೊಟ್ಟೆ ತುಂಬುವ ತಿಂಡಿಯೂ ಒಂದು ಬೇಕು. ಅಕ್ಕಿ ಒಟ್ಟಿಯ, ಅಂದರೆ ಅಕ್ಕಿ ರೊಟ್ಟಿಯ, ಪಟ್ಟಿಯಲ್ಲಿ ಸುತ್ತಿದ ಮಮ್ಮಿಗಳು, ಬಟ್ಟೆ ಸುತ್ತಿದ ಈಜಿಪ್ಟಿನ ಹೆಣಗಳಂಥವು, ಇದಕ್ಕೆ ತಕ್ಕವು. ಮೆತ್ತಗೆ ಬೆಂದ ಅನ್ನ ಒಂದು ಕಪ್, ಅಕ್ಕಿ ಹಿಟ್ಟು ಒಂದು ಕಪ್, ಉಪ್ಪು. ಅನ್ನ ಬಿಸಿಯಿರುವಾಗಲೇ ಒಂದು ಅಗುಳೂ ಉಳಿಯದಂತೆ ನಾದಬೇಕು. ಅಗುಳು ಉಳಿದ ಜಾಗದಲ್ಲೇ ಪಟ್ಟಿ ತುಂಡಾಗುತ್ತದೆ. ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಬದಿ ಹಸಿ ಹೋಗುವಷ್ಟು ಮಾತ್ರ ಬೇಯಿಸಿ. ಕೆಂಡದ ಮೇಲೆ ಉಬ್ಬಿಸಬಾರದು, ಕಂದು ಚುಕ್ಕೆ ಬೀಳಬಾರದು. ಒಂದರ ಮೇಲೊಂದು ಪೇರಿಸಿ ಬಟ್ಟೆಯಲ್ಲಿ ಮುಚ್ಚಿಟ್ಟು, ಬೆಚ್ಚಗಿರುವಾಗಲೇ ಎಂಟು ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಒಳಗಿಡಲು ಮೂಳೆಯಿಲ್ಲದ ಕೋಳಿಯ ಉದ್ದನೆಯ ತುಂಡುಗಳು, ರಸವಿಲ್ಲದಂತೆ ಹುರಿದು ಪೂರ್ತಿ ಬೆಂದಿರಬೇಕು. ರಸ ಉಳಿದರೆ ಪಟ್ಟಿ ನೆನೆದು ಜಾರುತ್ತದೆ. ತರಕಾರಿಯವರಿಗೆ ಹಬೆಯಲ್ಲಿ ಬೆಂದ ಗೆಣಸು, ಸ್ವಲ್ಪ ಗಟ್ಟಿ ಇರುವಾಗಲೇ ತೆಗೆದದ್ದು. ಓರೆಯಾಗಿ, ಅಲ್ಲಲ್ಲಿ ಸಂದು ಬಿಟ್ಟು ಸುತ್ತಿ. ನೀಟಾಗಿ ಸುತ್ತಿದ್ದು ಬರಿಯ ರೋಲ್ ಆಗಿ ಕಾಣುತ್ತದೆ. ಕಣ್ಣಿನ ಜಾಗದಲ್ಲಿ ನೀರು ಬಸಿದ ಗಟ್ಟಿ ಮೊಸರಿನ ಎರಡು ಚುಕ್ಕೆ, ಅದರ ಮೇಲೆ ಒಂದೊಂದು ಕರಿ ಎಳ್ಳು. ಒಟ್ಟಿ ಆರಿದರೆ ಬಿರುಸಾಗುತ್ತದೆ, ಆದ್ದರಿಂದ ಇದು ಕೊನೆಯ ಅರ್ಧ ಗಂಟೆಯ ಕೆಲಸ. ಇಬ್ಬರು ಸುತ್ತಲು ಕೂತರೆ ಒಳ್ಳೆಯದು.

ನೂಪುಟ್ಟಿನ, ಅಂದರೆ ಅಕ್ಕಿ ಶಾವಿಗೆಯ, ಒತ್ತು ಇರುವ ಮನೆಯಲ್ಲಿ ಮಿದುಳು ತೀರಾ ಸುಲಭ. ಮಾಮೂಲಿ ನೂಪುಟ್ಟಿನ ಹಿಟ್ಟಿಗೆ ಕುದಿಯುವ ನೀರಿನ ಜೊತೆ ಎರಡು ಚಮಚ ಬೀಟ್‌ರೂಟ್ ರಸ ಸೇರಿಸಿ. ಹಬೆಯಲ್ಲಿ ಕೆಂಪು ಕಂದಿ ಮಾಸಲು ಗುಲಾಬಿ ಆಗುತ್ತದೆ. ಕಣ್ಣಿನ ನರಕ್ಕೆ ಯಾವುದು ಕೇಡಾಗಿತ್ತೋ ಅದೇ ಇಲ್ಲಿ ಬೇಕಾದ ಬಣ್ಣ. ಬಿಸಿಬಿಸಿಯಾಗಿ ಒತ್ತಿದ ಎಳೆಗಳನ್ನು ಸಣ್ಣ ಬಟ್ಟಲಿಗೆ ಸಡಿಲವಾಗಿ ತುಂಬಿ ಮಗುಚಿ, ನಡುವೆ ಚಮಚದ ಅಂಚಿನಿಂದ ಒಂದು ಸೀಳು ಒತ್ತಿದರೆ ಮುಗಿಯಿತು. ಸುತ್ತ ಕಾಚಂಪುಳಿಯ ನೆತ್ತರು ಸುರಿದು, ಜೊತೆಗೆ ಸಿಹಿ ತೆಂಗಿನಹಾಲು ಇಡಬಹುದು.

ಜೆಲ್ಲಿಯ ಹುಳುಗಳಿಗೆ ಜಿಲೆಟಿನ್ ಬದಲು ಅಗರ್ ಅಗರ್ ಪುಡಿ ಒಳ್ಳೆಯದು. ಸಸ್ಯಾಹಾರಿಗಳಿಗೂ ಆಗುತ್ತದೆ, ಹೊರಗಿಟ್ಟರೂ ಕರಗುವುದಿಲ್ಲ. 200 ಮಿಲಿ ನೀರಿಗೆ 4 ಗ್ರಾಂ ಪುಡಿ, ಮೂರು ಚಮಚ ಸಕ್ಕರೆ, ಎರಡು ನಿಮಿಷ ಚೆನ್ನಾಗಿ ಕುದಿಯಬೇಕು. ಇಳಿಸಿದ ಮೇಲೆ 50 ಮಿಲಿ ಕಿತ್ತಳೆ ರಸ. ಹುಳಿಯೊಂದಿಗೆ ಕುದಿಸಿದರೆ ಅಗರ್ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ದಪ್ಪ ಪ್ಲಾಸ್ಟಿಕ್ ಸ್ಟ್ರಾಗಳನ್ನು ಲೋಟದಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಸುರಿದು, ಗಟ್ಟಿಯಾದ ಮೇಲೆ ಬೆಚ್ಚಗಿನ ನೀರಿಗೆ ಒಂದು ಕ್ಷಣ ತೋರಿಸಿ ಒಂದು ತುದಿಯಿಂದ ಹಿಸುಕಿ ಹೊರತೆಗೆಯಬೇಕು. ಕಾಗದದ ಸ್ಟ್ರಾ ನೆನೆದು ಹರಿಯುತ್ತದೆ.

ಕುಡಿಯಲು ಕಪ್ಪೆಮೊಟ್ಟೆಯ ಶರಬತ್ತು. ತೋಟದ ಪ್ಯಾಶನ್ ಹಣ್ಣಿನ ತಿರುಳನ್ನು ಸೋಸದೆ ಬೀಜ ಸಮೇತ ಹಾಕಿ, ಇಪ್ಪತ್ತು ನಿಮಿಷ ನೆನೆಸಿದ ಕಾಮಕಸ್ತೂರಿ ಬೀಜ ಸೇರಿಸಿದರೆ ಕಪ್ಪೆಮೊಟ್ಟೆ ತಾನಾಗಿಯೇ ಆಯಿತು. ಹತ್ತು ಶಂಖಪುಷ್ಪವನ್ನು ತೊಟ್ಟು ತೆಗೆದು ಒಂದು ಕಪ್ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿಟ್ಟರೆ ನೀಲಿ ನೀರು ಸಿಗುತ್ತದೆ. ಮಕ್ಕಳ ಎದುರಲ್ಲೇ ಅದನ್ನು ಹುಳಿ ಶರಬತ್ತಿಗೆ ಸುರಿಯಿರಿ, ಕಣ್ಣ ಮುಂದೆ ನೇರಳೆಯಾಗುತ್ತದೆ. ಕೈಗವಸಿನಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿದ ಕೈ ತೇಲಿಬಿಡುವುದಾದರೆ ಗವಸಿಗೆ ಪುಡಿ ಹಚ್ಚಿರಬಾರದು, ಹಿಂದಿನ ದಿನ ಬೆಳಿಗ್ಗೆಯೇ ಫ್ರೀಜರಿಗೆ ಹೋಗಬೇಕು. ನಮ್ಮ ಕಡೆ ಕರೆಂಟ್ ನಂಬುವ ಹಾಗಿಲ್ಲ. ಹೊಗೆ ಬರಲೆಂದು ಡ್ರೈ ಐಸ್ ಹುಡುಕಬೇಡಿ. ಮೈನಸ್ 78 ಡಿಗ್ರಿಯ ಆ ತುಂಡು ಬಾಯಿಗೆ ಹೋದರೆ ಸುಟ್ಟ ಗಾಯವಾಗುತ್ತದೆ. ಕಪ್ಪು ಬಣ್ಣಕ್ಕೆ ಇದ್ದಿಲ ಪುಡಿಯೂ ಬೇಡ, ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಯಲ್ಲಿ ಔಷಧವನ್ನು ಅದು ಹೀರಿಬಿಡುತ್ತದೆ.

ಅಲಂಕಾರದ ಬಗ್ಗೆ ಒಂದೇ ಮಾತು. ಎಲುಬು, ಕಣ್ಣು, ಹುಳು, ಬೆರಳು ಎಷ್ಟು ಬೇಕಾದರೂ ಮಾಡೋಣ. ತೆರೆ ಎಂಬ ದೈವಾರಾಧನೆಯಲ್ಲಿ ಕಾಣುವ ದೈವಗಳ ಮುಖವನ್ನು ತಿಂಡಿಯ ಮೇಲೆ ಬರೆಯುವುದು ಬೇಡ. ಅದು ನಂಬಿಕೆಯ ಮುಖ, ಕಚ್ಚಿ ತಿನ್ನುವಂಥದ್ದಲ್ಲ.

ತಟ್ಟೆಗೆ ಬಾಳೆಲೆ ಹಾಸಿ, ಕಣ್ಣುಗಳನ್ನು ಮೂರು ನಾಲ್ಕರ ಗುಂಪಾಗಿ, ಎಲ್ಲವೂ ಬೇರೆ ಬೇರೆ ಕಡೆ ನೋಡುವಂತೆ ಇಡಿ. ಒಂದು ಮಾತ್ರ ನೇರವಾಗಿ ಬಾಗಿಲ ಕಡೆಗೆ ನೋಡಲಿ. ನೆತ್ತರನ್ನು ತಿಂಡಿಯ ಮೇಲೆ ಸುರಿಯದೆ ಎಲೆಯ ಮೇಲೆ ಹನಿಸಿ, ಮೇಲೆ ಸುರಿದರೆ ಬರೆದ ನರವೆಲ್ಲ ಮುಚ್ಚಿಹೋಗುತ್ತದೆ. ಟ್ಯೂಬ್‌ಲೈಟ್ ಆರಿಸಿ ಪಕ್ಕದಲ್ಲಿ ಒಂದು ಹಳದಿ ಬಲ್ಬು ಇಟ್ಟರೆ ತುಪ್ಪದ ಹೊಳಪು ಎದ್ದು ಕಾಣುತ್ತದೆ.

ಉಳಿದ ಕಣ್ಣುಗಳಿಂದ ಪಾಪೆ ಕಿತ್ತು, ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಪುಡಿ ಮಾಡಿ ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನ ಒಗ್ಗರಣೆಯಲ್ಲಿ ಐದು ನಿಮಿಷ ಮುಚ್ಚಿ ಬಿಸಿ ಮಾಡಿ. ಪುಡಿ ಮಾಡುವ ಮೊದಲು ಒಂದು ಮುಷ್ಟಿ ನೀರು ಚಿಮುಕಿಸಿ ಹಬೆ ಕೊಟ್ಟರೆ ಬಿಗಿದ ಅಕ್ಕಿ ಸಡಿಲವಾಗುತ್ತದೆ, ಉಂಡೆ ಸಲೀಸಾಗಿ ಒಡೆಯುತ್ತದೆ.